ಹಿಂದಕ್ಕೆ ಹೋಗಿ ಬಂದವನ ಜೇಬಿನ ಫೋಟೊ ಏನಾಗುತ್ತದೆ?

ಪ್ರಶ್ನೆ: ಸರ್, ನಾನೊಂದು ಟೈಮ್ ಟ್ರಾವೆಲ್ ಕಥೆ ಬರೆಯುತ್ತಿದ್ದೇನೆ. ನಾಯಕ 2024ರಿಂದ 2009ಕ್ಕೆ ಹೋಗುತ್ತಾನೆ. ಬೆಂಗಳೂರಿನಿಂದ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ, ಅಪ್ಪ ಆ ದಿನ ಸ್ಕೂಟರ್ ಹತ್ತದಂತೆ ತಡೆಯುತ್ತಾನೆ. ಅಪಘಾತ ತಪ್ಪುತ್ತದೆ, ಅಪ್ಪ ಬದುಕುತ್ತಾರೆ. ಸಮಸ್ಯೆ ಶುರುವಾಗುವುದೇ ಇಲ್ಲಿ. ಅಪ್ಪ ತೀರಿಕೊಂಡಿದ್ದರಿಂದಲೇ ಅವನು ಅಮ್ಮನ ಜೊತೆ ಬೆಂಗಳೂರಿಗೆ, ಸೋದರಮಾವನ ಮನೆಗೆ ಬಂದಿದ್ದು. ಅಲ್ಲೇ ಕೆಲಸ, ಮದುವೆ, ಈಗ ನಾಲ್ಕು ವರ್ಷದ ಮಗಳು. ಅಪ್ಪ ಉಳಿದರೆ ಇದ್ಯಾವುದೂ ಆಗುತ್ತಿರಲಿಲ್ಲ. ಹಾಗಾದರೆ ಆ ಹೆಂಡತಿ, ಆ ಮಗಳು ಏನಾಗುತ್ತಾರೆ? ನನ್ನ ಗೆಳೆಯ ‘ಅಳಿಸಿ ಹೋಗ್ತಾರೆ’ ಅನ್ನುತ್ತಾನೆ. ಗೆಳತಿ ‘ಬೇರೊಂದು ಲೋಕದಲ್ಲಿ ಹಾಗೇ ಇರ್ತಾರೆ’ ಅನ್ನುತ್ತಾಳೆ. ವಿಜ್ಞಾನದ ಪ್ರಕಾರ ಯಾವುದು ಸರಿ? ಕಥೆಗೆ ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರ ಓದಿದಾಗಿನಿಂದ ಆ ನಾಲ್ಕು ವರ್ಷದ ಮಗಳೇ ತಲೆಯಲ್ಲಿ ಕೂತಿದ್ದಾಳೆ. ನೀವು ಅವಳಿಗೆ ಹೆಸರು ಕೂಡ ಇಟ್ಟಿಲ್ಲ. ಮೊದಲು ಒಂದು ಹೆಸರಿಡಿ. ಆಮೇಲೆ ಅವಳದೊಂದು ಫೋಟೊವನ್ನು ನಿಮ್ಮ ನಾಯಕನ ಜೇಬಿನಲ್ಲಿಟ್ಟು ಕಳಿಸಿ. ಎಲ್‌ಕೆಜಿಗೆ ಸೇರಿಸುವಾಗ ಸ್ಟುಡಿಯೋದಲ್ಲಿ ತೆಗೆಸಿದ ಪಾಸ್‌ಪೋರ್ಟ್ ಸೈಜಿನ ಫೋಟೊ ಸಾಕು. ಅಪ್ಪನನ್ನು ಉಳಿಸಿ 2024ಕ್ಕೆ ವಾಪಸ್ ಬಂದವನು ಜೇಬಿಗೆ ಕೈ ಹಾಕುತ್ತಾನೆ. ಏನು ಸಿಗುತ್ತದೆ? ಇಷ್ಟನ್ನು ನೀವು ಗಟ್ಟಿಯಾಗಿ ತೀರ್ಮಾನ ಮಾಡಿಕೊಂಡರೆ ನಿಮ್ಮ ಕಥೆಯ ಕಾಲಕ್ಕೆ ಯಾವ ನಿಯಮ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ವಿಜ್ಞಾನದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಮುಂದಕ್ಕೆ ಹೋಗುವುದು ನಿಜಕ್ಕೂ ಆಗುವ ಸಂಗತಿ. ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಅದನ್ನು ಸರಿಮಾಡದಿದ್ದರೆ ನಿಮ್ಮ ಫೋನಿನ ಮ್ಯಾಪ್ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪು ತೋರಿಸುತ್ತದೆ. ಮಗಳಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜನ ಕಥೆ ಕೇಳಿರುತ್ತೀರಿ. ಅವನು ಅಲ್ಲಿ ಹಾಡು ಮುಗಿಯುವವರೆಗೆ ಸುಮ್ನೆ ಕಾದು ನಿಂತಿದ್ದಷ್ಟೇ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಹಳೇ ಯುಗದ ಆ ಮಗಳು ರೇವತಿ ಕೊನೆಗೆ ಬಲರಾಮನನ್ನು ಮದುವೆಯಾದಳು. ಇಂಥ ಪ್ರಯಾಣದಲ್ಲಿ ಗೊಂದಲವೇ ಇಲ್ಲ. ಹೋದವರು ಹೋದರು, ಅಷ್ಟೇ.

ಹಿಂದಕ್ಕೆ ಹೋಗುವುದೇ ಕಷ್ಟ. 1949ರಲ್ಲಿ ಗಣಿತಜ್ಞ ಕರ್ಟ್ ಗೋಡೆಲ್ ಐನ್‌ಸ್ಟೈನ್ ಸಮೀಕರಣಗಳಿಗೆ ಒಂದು ವಿಚಿತ್ರ ಉತ್ತರ ಕಂಡುಹಿಡಿದರು. ಅದರ ಪ್ರಕಾರ ಇಡೀ ವಿಶ್ವವೇ ತಿರುಗುತ್ತಿದ್ದರೆ, ಮುಂದೆ ಮುಂದೆ ಹೋಗುತ್ತಲೇ ನಾವು ನಮ್ಮದೇ ನಿನ್ನೆಗೆ ಬಂದು ಸೇರಬಹುದು. ನಮ್ಮ ವಿಶ್ವ ಹಾಗೆ ತಿರುಗುತ್ತಿಲ್ಲ. ಆದರೂ ಸಮೀಕರಣಗಳು ‘ಆಗಲ್ಲ’ ಅಂತ ಬಾಗಿಲು ಹಾಕಲಿಲ್ಲ ಅಲ್ವಾ? ಆ ಸಂದಿಯಲ್ಲೇ ಇಷ್ಟೆಲ್ಲ ಕಥೆಗಳು ಹುಟ್ಟಿರುವುದು. ಹಾಗಾಗಿ ನಿಮ್ಮ ಗೆಳೆಯ, ಗೆಳತಿ ಇಬ್ಬರಲ್ಲಿ ವಿಜ್ಞಾನದ ಕಡೆಯಿಂದ ಯಾರೂ ಗೆದ್ದಿಲ್ಲ. ಆದರೆ ಅವರಿಬ್ಬರೂ ಹೇಳದ ಮೂರನೇ ಉತ್ತರವೊಂದಿದೆ. ಅದರಿಂದ ಶುರು ಮಾಡೋಣ.

ಏನೂ ಬದಲಾಗುವುದಿಲ್ಲ ಅನ್ನುವುದು ಆ ಉತ್ತರ. ನಮಗೆ ಇದು ಹೊಸದೇನಲ್ಲ. ದೇವಕಿಯ ಎಂಟನೇ ಮಗುವಿನಿಂದ ಸಾವು ಅಂತ ಕಂಸನಿಗೆ ಮೊದಲೇ ಗೊತ್ತಿತ್ತು. ತಪ್ಪಿಸಿಕೊಳ್ಳಲು ಅವನು ಮಾಡಿದ್ದೆಲ್ಲ ಆ ಸಾವಿಗೇ ದಾರಿಯಾಯಿತು. ಪರೀಕ್ಷಿತ ಏಳು ದಿನ ಕಾವಲು ಹಾಕಿಸಿಕೊಂಡು ಕೂತ. ತಕ್ಷಕ ಹಣ್ಣಿನೊಳಗಿನ ಹುಳುವಾಗಿ ಬಂದ. ಭೌತಶಾಸ್ತ್ರದಲ್ಲಿ ರಷ್ಯದ ಇಗೋರ್ ನೋವಿಕೋವ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹಿಂದಕ್ಕೆ ಹೋಗಲು ಆಗಬಹುದು, ಆದರೆ ಅಲ್ಲಿ ನೀವು ಮಾಡುವುದೆಲ್ಲ ಆಗಲೇ ಆಗಿಹೋದದ್ದರ ಭಾಗ. ಇದನ್ನು ಪರೀಕ್ಷೆ ಮಾಡಲು ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಪೋಲ್ಚಿನ್‌ಸ್ಕಿ ಒಂದು ಲೆಕ್ಕ ಕೊಟ್ಟರು. ಕೇರಂ ಕಾಯಿ ಅಂದುಕೊಳ್ಳಿ. ಅದು ಕಾಲದ ಸುರಂಗದೊಳಗೆ ಹೋಗಿ, ಸ್ವಲ್ಪ ಮೊದಲಿನ ಕ್ಷಣದಲ್ಲಿ ಹೊರಗೆ ಬಂದು, ಸುರಂಗದ ಕಡೆ ಬರುತ್ತಿರುವ ತನಗೇ ಹೊಡೆದು ದಾರಿ ತಪ್ಪಿಸುತ್ತದೆ. ಹಾಗಾದರೆ ಒಳಗೆ ಹೋಗಿದ್ದು ಹೇಗೆ? ಅಮೆರಿಕದ ಕ್ಯಾಲ್ಟೆಕ್ ವಿಜ್ಞಾನ ಸಂಸ್ಥೆಯಲ್ಲಿ ಇಬ್ಬರು ಲೆಕ್ಕ ಹಾಕಿ ನೋಡಿದರು. ಹೊರಗೆ ಬಂದ ಕಾಯಿ ತನ್ನ ಹಳೇ ರೂಪಕ್ಕೆ ಸುಮ್ನೆ ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಯಿಂದಲೇ ಅದು ಸುರಂಗಕ್ಕೆ ಸ್ವಲ್ಪ ಓರೆಯಾಗಿ ಬೀಳುತ್ತದೆ. ಓರೆಯಾಗಿ ಬಿದ್ದಿದ್ದರಿಂದಲೇ ಹೊರಗೆ ಬಂದಾಗ ಸವರಿಕೊಂಡು ಹೋಗುತ್ತದೆ. ನನಗಂತೂ ಈ ಲೆಕ್ಕ ತುಂಬಾ ಇಷ್ಟ. ಪೂರ್ತಿ ಹೊಡೆತ ಬೀಳುವುದೇ ಇಲ್ಲ.

ನಿಮ್ಮ ಕಥೆಗೆ ಈ ನಿಯಮ ಹಾಕಿದರೆ ಮಗ ಬಂದು ತಡೆದು ಮಾತಾಡಿಸಿದ್ದರಿಂದಲೇ ಅಪ್ಪ ತಡವಾಗಿ ಹೊರಡುತ್ತಾರೆ, ಸರಿಯಾಗಿ ಆ ಲಾರಿ ಬರುವ ಹೊತ್ತಿಗೆ. ಜೇಬಿನ ಫೋಟೊ ಹಾಗೇ ಇರುತ್ತದೆ. ಕಥೆ ಕರುಳು ಹಿಂಡುತ್ತದೆ, ನಿಜ. ಆದರೆ ಇಂಥ ಕೊನೆಯನ್ನು ಓದುಗರು ಈಗ ದೂರದಿಂದಲೇ ಗುರುತಿಸುತ್ತಾರೆ. ಮೇಲಾಗಿ ಬೇರೆ ಭವಿಷ್ಯ ಅನ್ನುವುದೇ ಇಲ್ಲಿ ಇಲ್ಲ. ನೀವು ಕೇಳಿದ್ದು ಅದನ್ನೇ.

ಎಚ್.ಜಿ. ವೆಲ್ಸ್ 1895ರಲ್ಲಿ ‘ದಿ ಟೈಮ್ ಮಷೀನ್’ ಬರೆದಾಗಲೂ ಭವಿಷ್ಯ ಒಂದೇ ಆಗಿತ್ತು. ಅವರ ಪ್ರಯಾಣಿಕ 8,02,701ನೇ ಇಸವಿಗೆ ಹೋಗುತ್ತಾನೆ. ಮನುಷ್ಯಕುಲ ಎರಡಾಗಿ ಒಡೆದು, ಒಂದು ಇನ್ನೊಂದನ್ನು ತಿನ್ನುವುದನ್ನು ನೋಡುತ್ತಾನೆ. ವಾಪಸ್ ಬಂದಾಗ ಅವನ ಜೇಬಿನಲ್ಲಿ ಎರಡು ಬಿಳಿ ಹೂವು ಇರುತ್ತವೆ. ಅಲ್ಲಿನ ಹುಡುಗಿ ವೀನಾ ಇಟ್ಟಿದ್ದು. ಆದರೆ ‘ಈಗಲೇ ಎಚ್ಚೆತ್ತುಕೊಂಡರೆ ಆ ದಿನ ಬರದಂತೆ ತಡೆಯಬಹುದಾ’ ಅಂತ ಅವನು ಯೋಚಿಸುವುದೇ ಇಲ್ಲ. ಭವಿಷ್ಯ ಅವನಿಗೆ ದೂರದ ಒಂದು ಊರಿದ್ದ ಹಾಗೆ. ಹೋಗಬಹುದು, ನೋಡಬಹುದು, ಹೂವು ತರಬಹುದು. ಊರು ಮಾತ್ರ ಅಲ್ಲೇ ಇರುತ್ತದೆ.

ಭವಿಷ್ಯ ಕವಲೊಡೆಯಬಹುದು ಅನ್ನುವ ಯೋಚನೆ ಕಥೆಗಳಿಗೆ ಬಂದಿದ್ದು ಆಮೇಲೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ತಾಯಿಬೇರು ಇಲ್ಲಿದೆ.

1938ರಲ್ಲಿ ಅಮೆರಿಕದ ಜ್ಯಾಕ್ ವಿಲಿಯಮ್ಸನ್ ‘ದಿ ಲೀಜನ್ ಆಫ್ ಟೈಮ್’ ಅನ್ನುವ ಧಾರಾವಾಹಿ ಬರೆದರು. ಅದರಲ್ಲಿ ಎರಡು ಭವಿಷ್ಯಗಳಿವೆ. ಒಂದು ಜಾನ್‌ಬಾರ್ ಅನ್ನುವ ಸುಂದರ ನಗರ. ಇನ್ನೊಂದು ಗೈರಾಂಚಿ ಅನ್ನುವ ಕ್ರೂರ ರಾಜ್ಯ. ಒಂದೊಂದರಿಂದಲೂ ಒಬ್ಬೊಬ್ಬ ಹೆಣ್ಣು ನಾಯಕನ ಮುಂದೆ ನೆರಳಿನಂತೆ ಬಂದು ನಿಲ್ಲುತ್ತಾಳೆ. ಇಬ್ಬರೂ ಪೂರ್ತಿ ನಿಜವಲ್ಲ. ಯಾರ ಭವಿಷ್ಯ ಗೆಲ್ಲುತ್ತದೋ ಅವಳೊಬ್ಬಳು ನಿಜವಾಗುತ್ತಾಳೆ, ಇನ್ನೊಬ್ಬಳು ಇರಲೇ ಇಲ್ಲ ಅನ್ನುವಂತಾಗುತ್ತದೆ. ಇಷ್ಟು ದೊಡ್ಡ ಯುದ್ಧ ನಡೆಯುವುದು ಯಾವುದರ ಮೇಲೆ ಗೊತ್ತಾ? 1921ರಲ್ಲಿ ಜಾನ್ ಬಾರ್ ಅನ್ನುವ ಹನ್ನೆರಡು ವರ್ಷದ ಹಳ್ಳಿ ಹುಡುಗ ಬಯಲಿನಲ್ಲಿ ಬಗ್ಗಿ ಏನನ್ನು ಎತ್ತಿಕೊಳ್ಳುತ್ತಾನೆ ಅನ್ನುವುದರ ಮೇಲೆ. ತುಕ್ಕು ಹಿಡಿದ ಒಂದು ಅಯಸ್ಕಾಂತ ಸಿಕ್ಕಿದರೆ ಅವನಿಗೆ ವಿಜ್ಞಾನದ ಹುಚ್ಚು ಹತ್ತುತ್ತದೆ, ಜಾನ್‌ಬಾರ್ ನಗರ ಹುಟ್ಟುತ್ತದೆ. ಅದರ ಬದಲು ಒಂದು ಕಲ್ಲು ಕೈಗೆ ಬಂದರೆ ಅವನು ಊರೂರು ತಿರುಗುವ ಕೂಲಿಯಾಗುತ್ತಾನೆ, ಗೈರಾಂಚಿ ಹುಟ್ಟುತ್ತದೆ. ಇಂಗ್ಲಿಷ್ ಸೈನ್ಸ್ ಫಿಕ್ಷನ್ ಓದುಗರು ಇಂದಿಗೂ ಇತಿಹಾಸದ ಕವಲು ಬಿಂದುವನ್ನು ಆ ಹುಡುಗನ ಹೆಸರಿನಿಂದಲೇ ‘ಜಾನ್‌ಬಾರ್ ಹಿಂಜ್’ ಅನ್ನುತ್ತಾರೆ. ಬಾಗಿಲು ಯಾವ ಕಡೆ ತಿರುಗಬೇಕು ಅಂತ ತೀರ್ಮಾನ ಮಾಡುವ ಕೀಲು ಅಂತ ಅರ್ಥ.

ಆ ಕಥೆಯ ಭಾಷೆ, ಹೊಡೆದಾಟ ಎಲ್ಲ ಈಗ ಹಳತಾಗಿದೆ. ಆದರೆ ಕೀಲನ್ನು ಒಬ್ಬ ಮಗುವಿನ ಕೈಯಲ್ಲಿಟ್ಟರಲ್ಲ, ಅದು ದೊಡ್ಡ ಮಾತು. ರಾಜರು, ಯುದ್ಧಗಳು ಇತಿಹಾಸ ತಿರುಗಿಸುತ್ತವೆ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ನಮ್ಮ ಮನೆ ಕಥೆ ಕೇಳಿ ನೋಡಿ. ‘ಅವತ್ತು ಬಸ್ ತಪ್ಪದಿದ್ದರೆ ನಿಮ್ಮಪ್ಪನನ್ನು ನೋಡುತ್ತಲೇ ಇರಲಿಲ್ಲ’ ಅಂತ ನನ್ನ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ನಿಮ್ಮ ಕಥೆಯ ಕೀಲು ಒಂದು ಸ್ಕೂಟರ್. ಅದು ಸರಿಯಾಗಿದೆ, ಬದಲಾಯಿಸಬೇಡಿ.

ಇನ್ನು ರೇ ಬ್ರಾಡ್‌ಬರಿ 1952ರಲ್ಲಿ ಬರೆದ ‘ಎ ಸೌಂಡ್ ಆಫ್ ಥಂಡರ್’. 2055ರಲ್ಲಿ ದುಡ್ಡು ಕೊಟ್ಟವರನ್ನು ಡೈನೋಸಾರ್ ಬೇಟೆಗೆ ಕರೆದುಕೊಂಡು ಹೋಗುವ ಒಂದು ಕಂಪನಿ ಇರುತ್ತದೆ. ಬೇಟೆಗಾರನೊಬ್ಬ ಹೆದರಿ ಕಂಪನಿ ಹಾಕಿಕೊಟ್ಟ ಹಾದಿ ಬಿಟ್ಟು ಕಾಲಿಡುತ್ತಾನೆ. ವಾಪಸ್ ಬಂದಾಗ ಬೋರ್ಡಿನ ಮೇಲಿನ ಅಕ್ಷರಗಳು ಬೇರೆ, ಚುನಾವಣೆಯಲ್ಲಿ ಗೆದ್ದವನು ಬೇರೆ. ಬೂಟಿನ ಕೆಸರು ನೋಡಿದರೆ ಅದರಲ್ಲೊಂದು ಸತ್ತ ಚಿಟ್ಟೆ. ಅದ್ಭುತವಾದ ಚಿತ್ರ. ಲೆಕ್ಕ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಕೋಟಿಗಟ್ಟಲೆ ವರ್ಷ ಹಿಂದಿನ ಚಿಟ್ಟೆ ಚುನಾವಣೆಯನ್ನೇ ಬದಲಿಸುವಷ್ಟು ಕಾಲ ಸೂಕ್ಷ್ಮವಾಗಿದ್ದರೆ, ಅದೇ ಕಂಪನಿ, ಅದೇ ಕೌಂಟರಿನಲ್ಲಿ ಅದೇ ಮನುಷ್ಯ, ಅದೇ ಇಬ್ಬರು ಅಭ್ಯರ್ಥಿಗಳು ಹೇಗೆ ಉಳಿದರು? ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1961ರಲ್ಲಿ ಕಂಪ್ಯೂಟರಿಗೆ 0.506127 ಅನ್ನುವ ಬದಲು 0.506 ಅಂತ ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಜೊತೆಗೇ ನಡೆದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹವಾಮಾನ ಬಂತು. ಸಣ್ಣ ವ್ಯತ್ಯಾಸ ನಿಜಕ್ಕೂ ಬೆಳೆದರೆ ಹೀಗೆ ಬೆಳೆಯುತ್ತದೆ. ಒಂದು ಫಲಿತಾಂಶ ಮಾತ್ರ ಬದಲಾಗಿ ಉಳಿದಿದ್ದೆಲ್ಲ ಮೊದಲಿನಂತೆ ಕೂತಿರುವುದಿಲ್ಲ.

ಇದು ನಿಮ್ಮ ಕಥೆಗೆ ನೇರವಾಗಿ ತಾಗುತ್ತದೆ. ‘ಅಪ್ಪ ಬದುಕಿದ ಮೇಲೂ ವಿಧಿಯಿಂದ ಅವರಿಬ್ಬರೂ ಮತ್ತೆ ಎಲ್ಲೋ ಭೇಟಿಯಾಗಿ ಮದುವೆಯಾಗುತ್ತಾರೆ, ಅದೇ ಮಗಳು ಹುಟ್ಟುತ್ತಾಳೆ’ ಅಂತ ಬರೆಯುವ ಆಸೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಮದುವೆ ಬೇಕಾದರೆ ಆಗಲಿ. ಮಗಳು ಅವಳೇ ಆಗಲು ಸಾಧ್ಯವಿಲ್ಲ. ಒಂದು ಕ್ಷಣ ಆಚೀಚೆಯಾದರೂ ಹುಟ್ಟುವುದು ಬೇರೆ ಮಗು. ಅವಳ ಅಕ್ಕನೋ ತಮ್ಮನೋ ಇದ್ದಂತೆ, ಅವಳಲ್ಲ.

ಈಗ ನಿಮ್ಮ ಗೆಳೆಯನ ಮಾತು: ಅಳಿಸಿ ಹೋಗುತ್ತಾರೆ. ಕಾಲ ಒಂದೇ ಪಾಟಿ. ಒರೆಸಿ ಮೇಲೆ ಬರೆಯಬಹುದು. ಹೆಚ್ಚು ಜನಕ್ಕೆ ಗೊತ್ತಿರುವ ನಿಯಮ ಇದು. 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಸಿನಿಮಾದಲ್ಲಿ ಹುಡುಗನ ಜೇಬಿನಲ್ಲಿ ಅಣ್ಣ, ಅಕ್ಕ, ತಾನು ಮೂವರೂ ಇರುವ ಫೋಟೊ ಇರುತ್ತದೆ. ಅಪ್ಪ ಅಮ್ಮ ಭೇಟಿಯಾಗುವುದನ್ನು ಅವನೇ ತಪ್ಪಿಸಿದ್ದರಿಂದ ಅಣ್ಣನ ತಲೆಯಿಂದ ಶುರುವಾಗಿ ಒಬ್ಬೊಬ್ಬರೇ ಮಾಸುತ್ತಾರೆ. ನೋಡುಗರ ಎದೆ ಹೊಡೆದುಕೊಳ್ಳಲು ಅದು ಬೇಕಿತ್ತು. ಆದರೆ ಒಬ್ಬ ಮನುಷ್ಯ ಹುಟ್ಟಿದನೋ ಇಲ್ಲವೋ ಅಷ್ಟೇ ತಾನೆ? ತಲೆ ಮೊದಲು ಮಾಸಿ ಕಾಲು ಆಮೇಲೆ ಮಾಸುವುದು ಹೇಗೆ? ನೀವು ಈ ದಾರಿ ಹಿಡಿದರೆ ನಿಧಾನ ಮಾಸುವ ಫೋಟೊ ಮಾತ್ರ ಬೇಡ. ಇನ್ನೊಂದು ತೊಡಕೂ ಇದೆ. ಒರೆಸಿ ಬರೆದ 2024ರಲ್ಲಿ ತಿಪಟೂರಿನಲ್ಲಿ ಅಪ್ಪನ ಜೊತೆ ಬೆಳೆದ ಇನ್ನೊಬ್ಬ ‘ಅವನು’ ಆಗಲೇ ಇರುತ್ತಾನೆ. ವಾಪಸ್ ಬಂದವನು ಯಾವ ಮನೆಯ ಬಾಗಿಲು ತಟ್ಟಬೇಕು?

ಈ ನಿಯಮವನ್ನು ನನ್ನ ಲೆಕ್ಕದಲ್ಲಿ ಐಸಾಕ್ ಅಸಿಮೊವ್ ನಿಭಾಯಿಸಿದಷ್ಟು ಗಂಭೀರವಾಗಿ ಬೇರೆ ಯಾರೂ ನಿಭಾಯಿಸಿಲ್ಲ. 1955ರ ಕಾದಂಬರಿ ‘ದಿ ಎಂಡ್ ಆಫ್ ಎಟರ್ನಿಟಿ’. ಕಾಲದ ಹೊರಗೆ ಒಂದು ದೊಡ್ಡ ಸಂಸ್ಥೆ ಇದೆ. ಅವರು ಶತಮಾನಗಳಿಗೆ ಹೋಗಿ ಬಂದು, ಎಲ್ಲಿ ಏನು ಬದಲಿಸಿದರೆ ಜನರ ಕಷ್ಟ ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಎಷ್ಟು ಕಡಿಮೆ ಬದಲಿಸಿದರೆ ಸಾಕೋ ಅಷ್ಟೇ ಬದಲಿಸುತ್ತಾರೆ. ನಾಯಕ ಆಂಡ್ರೂ ಹಾರ್ಲನ್ ಆ ಕೈಕೆಲಸ ಮಾಡುವ ಟೆಕ್ನೀಷಿಯನ್. 223ನೇ ಶತಮಾನದಲ್ಲಿ ಅವನು ಒಂದು ಯಂತ್ರವನ್ನು ಸ್ವಲ್ಪ ಕೆಡಿಸುತ್ತಾನೆ. ಒಬ್ಬ ಹುಡುಗನಿಗೆ ಒಂದು ಕ್ಲಾಸಿಗೆ ಹೋಗಲು ಆಗುವುದಿಲ್ಲ. ಅವನು ಮುಂದೆ ಸೌರ ಎಂಜಿನಿಯರಿಂಗ್ ಕಡೆ ಹೋಗುವುದಿಲ್ಲ. ಒಂದು ಉಪಕರಣ ಹತ್ತು ವರ್ಷ ತಡವಾಗುತ್ತದೆ. 224ನೇ ಶತಮಾನದ ಒಂದು ಯುದ್ಧ ಇಲ್ಲವಾಗುತ್ತದೆ.

ಒಳ್ಳೆಯ ಕೆಲಸ ಅಲ್ವಾ? ಆದರೆ ಅದೇ ಸಂಸ್ಥೆಯ ಬೇರೆ ನೌಕರರು ಟೆಕ್ನೀಷಿಯನ್‌ಗಳ ಜೊತೆ ಸರಿಯಾಗಿ ಮಾತೂ ಆಡುವುದಿಲ್ಲ. ಎಲ್ಲರೂ ಸೇರಿ ಮಾಡುವ ಕೆಲಸದ ಪಾಪವನ್ನು ಕೊನೆಗೆ ಕೈಯಾಡಿಸುವ ಒಬ್ಬನ ತಲೆಗೆ ಕಟ್ಟುತ್ತಾರೆ. ಆಮೇಲೆ ಹಾರ್ಲನ್‌ಗೆ 482ನೇ ಶತಮಾನದ ನೋಯಿಸ್ ಅನ್ನುವ ಹೆಣ್ಣಿನ ಮೇಲೆ ಪ್ರೀತಿ ಹುಟ್ಟುತ್ತದೆ. ಮುಂದಿನ ಬದಲಾವಣೆಯ ನಂತರ ಅವಳು ಏನಾಗಿರುತ್ತಾಳೆ ಅಂತ ಗುಟ್ಟಾಗಿ ಲೆಕ್ಕ ಹಾಕಿಸುತ್ತಾನೆ. ಉತ್ತರ: ಹೊಸ ಕಾಲದಲ್ಲಿ ಅವಳು ಇಲ್ಲವೇ ಇಲ್ಲ. ಅಲ್ಲಿಯವರೆಗೆ ಕೈ ನಡುಗದೆ ಕಾಲ ಒರೆಸಿದವನು ಅವಳನ್ನು ಒಯ್ದು ಯಾರೂ ಹೋಗದ ದೂರದ ಶತಮಾನದಲ್ಲಿ ಬಚ್ಚಿಡುತ್ತಾನೆ. ಆ ಜಾಗ ಓದಿದಾಗ ನನಗನ್ನಿಸಿದ್ದು, ಹಿಂದೆ ಅವನು ಮಾಡಿದ ಒಂದೊಂದು ಬದಲಾವಣೆಯಲ್ಲೂ ಯಾರೋ ಒಬ್ಬರ ನೋಯಿಸ್ ಹೋಗಿದ್ದಾಳೆ. ಕೊನೆ ಹೇಳುವುದಿಲ್ಲ, ಓದಿ. ನಿಮ್ಮ ಕಥೆಯನ್ನು ಅಳಿಸುವ ನಿಯಮದಲ್ಲಿ ಬರೆಯುವುದಾದರೆ ಮೊದಲು ಇದನ್ನು ಓದಲೇಬೇಕು.

ಇನ್ನು ನಿಮ್ಮ ಗೆಳತಿಯ ಮಾತು. ಇದಕ್ಕೆ ಬೆನ್ನೆಲುಬು ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮಂಡಿಸಿದ ವಾದ. ಕ್ವಾಂಟಮ್ ಮಟ್ಟದಲ್ಲಿ, ಅಂದರೆ ಅತಿ ಸಣ್ಣ ಕಣಗಳ ಲೋಕದಲ್ಲಿ, ಹಲವು ಫಲಿತಾಂಶ ಸಾಧ್ಯವಿದ್ದರೆ ಅವೆಲ್ಲವೂ ಆಗುತ್ತವೆ, ಬೇರೆ ಬೇರೆ ಕವಲಿನಲ್ಲಿ. ಕಥೆಗಾರರು ಇದನ್ನು ಸ್ವಲ್ಪ ಜಾಸ್ತಿ ಎಳೆಯುತ್ತಾರೆ. ನೀವು ಕಾಫಿ ಬೇಡ ಅಂತ ಟೀ ಕುಡಿದಿದ್ದಕ್ಕೆ ಲೋಕ ಒಡೆಯುತ್ತದೆ ಅಂತ ಎವರೆಟ್ ಹೇಳಿಲ್ಲ. ಆ ಕವಲುಗಳ ನಡುವೆ ಓಡಾಟವೂ ಇಲ್ಲ. ಓಡಾಟದ ಸಾಧ್ಯತೆ ಸೇರಿಸಿದ್ದು 1991ರಲ್ಲಿ ಭೌತವಿಜ್ಞಾನಿ ಡೇವಿಡ್ ಡಾಯ್ಚ್. ಹಿಂದಕ್ಕೆ ಹೋದವನು ತಾನು ಹೊರಟ ಕವಲಿಗೆ ಬದಲು ಇನ್ನೊಂದು ಕವಲಿನ ಹಿಂದಿನ ದಿನಕ್ಕೆ ಹೋಗಿ ಸೇರುತ್ತಾನೆ. ಅಲ್ಲಿ ಅವನು ಏನೇ ಮಾಡಿದರೂ ವಿರೋಧಾಭಾಸ ಹುಟ್ಟುವುದಿಲ್ಲ. ಹೊರಟ ಕವಲು ಹೊರಟಂತೆಯೇ ಇರುತ್ತದೆ.

ಕವಲಿನ ಕಥೆಗೆ ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮರಾಠಿಯಲ್ಲಿ ಬರೆದ ಕಥೆಯೊಂದು ‘ದಿ ಅಡ್ವೆಂಚರ್’ ಅನ್ನುವ ಹೆಸರಿನಲ್ಲಿ ಸಿಬಿಎಸ್‌ಇ ಹನ್ನೊಂದನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಬಂದಿದೆ. ಪುಣೆಯ ಇತಿಹಾಸದ ಪ್ರೊಫೆಸರ್ ಗಾಯ್ತೊಂಡೆಗೆ ಲಾರಿ ಡಿಕ್ಕಿ ಹೊಡೆಯುತ್ತದೆ. ಅವರು ಇನ್ನೊಂದು ಭಾರತದಲ್ಲಿ ಕಣ್ಣು ಬಿಡುತ್ತಾರೆ. ಅಲ್ಲಿ ಮುಂಬೈಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ನಡೆಯುತ್ತಿದೆ. ಮಗ ಕೆಲಸ ಮಾಡುವ ಆಫೀಸಿಗೆ ಹೋಗಿ ಕೇಳಿದರೆ ಆ ಹೆಸರಿನವರು ಯಾರೂ ಇಲ್ಲ. ಇತಿಹಾಸ ತಿಳಿದವರು ಸುಮ್ಮನೆ ಕೂರುತ್ತಾರಾ? ಲೈಬ್ರರಿಗೆ ಹೋಗಿ ತಾವೇ ಬರೆದ ಪುಸ್ತಕಗಳನ್ನು ತೆಗೆದು, ದಾರಿ ಎಲ್ಲಿ ಬೇರೆಯಾಯಿತು ಅಂತ ಹುಡುಕುತ್ತಾರೆ. ಸಿಗುತ್ತದೆ: 1761, ಪಾಣಿಪತ್. ನಮ್ಮ ಇತಿಹಾಸದಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ಗುಂಡು ಬಿದ್ದು, ಮರಾಠಾ ಸೈನ್ಯ ಎದೆಗುಂದಿತು. ಅಲ್ಲಿ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಗಿದೆ. ಎಳ್ಳಿನಷ್ಟು ಅಂತರ.

ಆ ಎಳ್ಳು ನನಗೆ ಜಾನ್ ಬಾರ್‌ನ ಅಯಸ್ಕಾಂತಕ್ಕಿಂತ ಹತ್ತಿರ. ಪಾಣಿಪತ್ತಿನಲ್ಲಿ ಮರಾಠರು ಸೋತ ಅದೇ 1761ರಲ್ಲೇ ಮೈಸೂರಿನ ಅಧಿಕಾರ ಹೈದರಾಲಿಯ ಕೈಗೆ ಬಂತು. ಉತ್ತರದಲ್ಲಿ ಮರಾಠರು ಗೆದ್ದಿದ್ದರೆ ನಮ್ಮ ಕಡೆಯ ಕಥೆ ಹೇಗೆ ತಿರುಗುತ್ತಿತ್ತು? ಕನ್ನಡದಲ್ಲಿ ಯಾರಾದರೂ ಈ ಎಳೆ ಹಿಡಿದು ಬರೆಯಲಿ ಅಂತ ನನಗೆ ತುಂಬಾ ಆಸೆ.

ಪ್ರೊಫೆಸರ್ ವಾಪಸ್ ಬಂದಾಗ ಅವರ ಜೇಬಿನಲ್ಲಿ ಏನಿತ್ತು ಗೊತ್ತಾ? ಆ ಲೋಕದ ಪುಸ್ತಕದಿಂದ ಹರಿದ ಒಂದು ಹಾಳೆ. ಅದು ಮಾಸುವುದಿಲ್ಲ, ಮಾಯವಾಗುವುದಿಲ್ಲ. ಕವಲಿನ ನಿಯಮದಲ್ಲಿ ಜೇಬಿನ ವಸ್ತು ಉಳಿಯುತ್ತದೆ, ಯಾಕೆಂದರೆ ಅದು ಬಂದ ಲೋಕವೂ ಎಲ್ಲೋ ಉಳಿದಿದೆ.

ನಿಮ್ಮ ಕಥೆಗೆ ನಾನು ಆರಿಸುವುದು ಈ ನಿಯಮವನ್ನೇ. ನಿಮ್ಮ ಗೆಳತಿ ಇದನ್ನು ಸಮಾಧಾನದ ಮಾತಾಗಿ ಹೇಳಿರಬೇಕು. ಹೆಂಡತಿ, ಮಗಳು ‘ಹಾಗೇ ಇರ್ತಾರೆ’. ಹೌದು, ಇರುತ್ತಾರೆ. ಆದರೆ ಅವನಿಲ್ಲದೆ. ಆ 2024ರ ಬೆಂಗಳೂರಿನಲ್ಲಿ ಒಬ್ಬ ಗಂಡ ಬೆಳಿಗ್ಗೆ ಮನೆಯಿಂದ ಹೋದವನು ವಾಪಸ್ ಬರಲಿಲ್ಲ. ಪೊಲೀಸ್ ಕಂಪ್ಲೇಂಟ್ ಆಗಿದೆ. ಮಗು ಸಂಜೆ ಬಾಗಿಲ ಹತ್ತಿರ ಕೂತಿದೆ. ಆ ಕವಲಿನಲ್ಲಿ ಅಪ್ಪನ ಅಪಘಾತವೂ ಆಗಿಹೋಗಿದೆ, ಅದನ್ನು ಯಾರೂ ತಡೆದಿಲ್ಲ. ಅವನು ಉಳಿಸಿದ್ದು ತಿಪಟೂರಿನಲ್ಲಿ ಇನ್ನೊಬ್ಬ ಹುಡುಗನ ಅಪ್ಪನನ್ನು. ತನಗೆ 2009ರಲ್ಲಿ ಏನಾಯಿತೋ ಅದನ್ನೇ ತನ್ನ ಮಗಳಿಗೆ ಮಾಡಿ ಬಂದ. ಹೋಗುವ ಮೊದಲು ಅವನಿಗೆ ಇದು ಗೊತ್ತಿತ್ತಾ? ಗೊತ್ತಿದ್ದೂ ಹೋದನಾ? ನಿಮ್ಮ ಕಥೆ ಇರುವುದು ಈ ಎರಡು ಪ್ರಶ್ನೆಗಳಲ್ಲಿ ಅಂತ ನನ್ನ ನಂಬಿಕೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಎರಡು ಸಾಲು ಕೊಟ್ಟರೂ ಸಾಕು.

ಅಳಿಸುವ ನಿಯಮವನ್ನೇ ಇಟ್ಟುಕೊಳ್ಳುತ್ತೀರಾದರೆ ಅದೂ ತಪ್ಪಲ್ಲ. ಆಗ ಜೇಬಿನ ಫೋಟೊವನ್ನು ಮಾತ್ರ ಉಳಿಸಿ ನೋಡಿ. ಯಾರೂ ಹೆರದ, ಯಾರಿಗೂ ನೆನಪಿಲ್ಲದ ಮಗುವಿನ ಫೋಟೊ ಒಬ್ಬನ ಕೈಯಲ್ಲಿ. ತರ್ಕದಲ್ಲಿ ಸ್ವಲ್ಪ ಬಿರುಕು ಬರುತ್ತದೆ, ಓದುಗರು ಕ್ಷಮಿಸುತ್ತಾರೆ. ಅವನು ಅದನ್ನು ಅಪ್ಪನಿಗೆ ತೋರಿಸಿದರೆ ಅಪ್ಪ ಏನು ಕೇಳಬಹುದು ಅಂತ ಯೋಚಿಸಿ. ಮಧ್ಯದಲ್ಲಿ ನಿಯಮ ಬದಲಿಸುವುದು ಮಾತ್ರ ಬೇಡ. ಅಪ್ಪನನ್ನು ಉಳಿಸುವಾಗ ಒಂದು ನಿಯಮ, ಮಗಳನ್ನು ಉಳಿಸುವಾಗ ಇನ್ನೊಂದು ಅಂತಾದರೆ ಓದುಗರಿಗೆ ಮೋಸ ಮಾಡಿದಂತೆ.

ಕೊನೆಗೆ ಒಂದು ಸಣ್ಣ ವಿಷಯ. ನಿಮ್ಮ ನಾಯಕ 2009ರಲ್ಲಿ ಬಸ್ಸಿನಲ್ಲಿ ತಿಪಟೂರಿಗೆ ಹೋಗುತ್ತಾನೆ ಅಂದಿರಿ. ಟಿಕೆಟ್ ಹೇಗೆ ತೆಗೆದುಕೊಂಡ? ಆಗ ಯುಪಿಐ ಇಲ್ಲ. ಈಗಿನ ಐನೂರರ ನೋಟು ಬಂದಿದ್ದು 2016ರ ನವೆಂಬರಿನಲ್ಲಿ, ಹಾಗಾಗಿ ಅವನ ನೋಟು ನಡೆಯುವುದಿಲ್ಲ. ಚಿಲ್ಲರೆಯೂ ಅಷ್ಟೇ. ರೂಪಾಯಿಗೆ ಹೊಸ ಚಿಹ್ನೆ ಬಂದಿದ್ದೇ 2010ರಲ್ಲಿ. ಅವನು ಕೊಡುವ ಹತ್ತು ರೂಪಾಯಿ ನಾಣ್ಯದ ಮೇಲೆ ಯಾರೂ ನೋಡಿರದ ಒಂದು ಗುರುತಿರುತ್ತದೆ, ಕೆಳಗೆ 2019 ಅಂತ ಇಸವಿ. ಕಂಡಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅವರು ಅದನ್ನು ವಾಪಸ್ ಕೊಡುತ್ತಾರಾ, ಚೀಲಕ್ಕೆ ಹಾಕಿಕೊಳ್ಳುತ್ತಾರಾ? ಚೀಲಕ್ಕೆ ಹಾಕಿಕೊಂಡರೆ, ಅಪ್ಪ ಬದುಕಿದ ಮೇಲೆ ಆ ನಾಣ್ಯ ಅಲ್ಲೇ ಇರುತ್ತದಾ? ಆ ದೃಶ್ಯವನ್ನು ಮೊದಲು ಬರೆಯಿರಿ.